ಬಂದರು ಪೀಟನ ಪ್ರಶ್ನೆ

ಐದು ದಿನದಿಂದ ನಾನು ಯಾರೊಡನೆಯೂ ಬಾಯಿಬಿಟ್ಟು ಮಾತಾಡಿಲ್ಲ ಎಂಬುದು ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಕಾಫಿಯಂಗಡಿಯಲ್ಲಿ ಪರದೆ ಒತ್ತಿದರೆ ಸಾಕು, ಲೋಟ ಮುಂದೆ ಬರುತ್ತದೆ. ಅಮ್ಮನಿಗೆ ಬೆರಳಲ್ಲೇ ಉತ್ತರ. ಕಚೇರಿಯ ಅಪ್ಪಣೆಗಳೆಲ್ಲ ಕಂಪ್ಯೂಟರಿನಲ್ಲೇ ಬರುತ್ತವೆ. ಬಳಸದೆ ಬಿಟ್ಟ ನಲ್ಲಿಯ ಹಾಗೆ ದನಿಯೂ ತುಕ್ಕು ಹಿಡಿದಿದ್ದರೆ ಎಂದು ಸಣ್ಣ ಅಂಜಿಕೆಯಾಯಿತು. ಕನ್ನಡಿಯ ಮುಂದೆ ನನ್ನ ಹೆಸರನ್ನೇ ಹೇಳಿ ನೋಡಿದೆ. ಮೊದಲು ಗೊರಗೊರ, ಆಮೇಲೆ ಟೆಸ್ಸಾ ಹ್ರುಷ್ಕಾ. ಡೈರಿಯಲ್ಲಿ ಇಷ್ಟನ್ನು ಬರೆದಿಟ್ಟೆ. ಅದರ ಕೆಳಗೆ, ಬರೆಯಬಾರದೆಂದು ಐದು ದಿನ ತಡೆಹಿಡಿದಿದ್ದನ್ನೂ ಬರೆದೆ: ಶುಕ್ರವಾರ ನಾನು ಆಡಿದ ಕೊನೆಯ ಮಾತು 'ಚೆನ್ನಾಗಿದೆ'. ಅದು ಸುಳ್ಳು.

ಪೋರ್ಟ್ ಹಾರ್ಲನ್ನಿನ 'ಮೆಸೆಂಜರ್' ಪತ್ರಿಕೆಯಲ್ಲಿ ನನ್ನ ಕೆಲಸ ಓದುಗರ ಪ್ರತಿಕ್ರಿಯೆಗಳನ್ನು ನೋಡಿಕೊಳ್ಳುವುದು. ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದವಳಿಗೆ ಊರಿನ ಜನ ಬರೆದದ್ದನ್ನು ಓದುವ ಉದ್ಯೋಗ ಸಿಕ್ಕಿತು ಎಂದು ಅಮ್ಮ ನೆಂಟರಿಗೆಲ್ಲ ಹೇಳಿಕೊಂಡಿದ್ದಾಳೆ. ಓದುತ್ತೇನೆ, ನಿಜ. ಬೈಗುಳಗಳನ್ನು ಯಂತ್ರವೇ ಹಿಡಿಯುತ್ತದೆ. ಬೈಗುಳದ ಪದವಿಲ್ಲದೆಯೂ ಬೈಯಬಲ್ಲವರು ನನ್ನ ಪಾಲು. ಎರಡು ವರ್ಷದಲ್ಲಿ ನಾನು ಕಲಿತದ್ದೇನೆಂದರೆ, ನಮ್ಮ ಊರಿನಲ್ಲಿ ಸುದ್ದಿಯನ್ನು ಓದಿ ಬರೆಯುವವರು ಹತ್ತಕ್ಕೆ ಒಬ್ಬರು, ತಲೆಬರಹ ಓದಿ ಬರೆಯುವವರು ಮೂವರು. ಮಿಕ್ಕ ಆರು ಮಂದಿ ಮೇಲಿನವನು ಬರೆದದ್ದನ್ನು ಓದಿ ಬರೆಯುತ್ತಾರೆ.

ಇನ್ನೊಂದು ಕೆಲಸವೂ ಇದೆ, ಅದನ್ನು ಅಮ್ಮನಿಗೆ ಹೇಳಿಲ್ಲ. ಯಾವುದೇ ಬರಹಕ್ಕೆ ಅರ್ಧ ಗಂಟೆಯೊಳಗೆ ಮೂರು ಪ್ರತಿಕ್ರಿಯೆ ಬಾರದಿದ್ದರೆ ಅದು ಮುಖಪುಟದಿಂದ ಕೆಳಗೆ ಜಾರಿಹೋಗುತ್ತದೆ. ಹಾಗೆ ಜಾರಬಾರದೆಂದು ನಮ್ಮಲ್ಲಿ 'ಮನೆಯ ಹೆಸರು'ಗಳಿವೆ, ಅಂದರೆ ಕಚೇರಿಯಲ್ಲೇ ಕಟ್ಟಿದ ಸುಳ್ಳು ಓದುಗರು, ಒಟ್ಟು ಒಂಬತ್ತು. 'ಮೂರು ಮಕ್ಕಳಮ್ಮ', 'ಸತ್ಯವಾದಿ ಸ್ಟಾನ್', ಹೀಗೆ. ಅವರು ಯಾರೂ ಇಲ್ಲ. ಅವರ ಬಾಯಿ ನಾನೇ. ಸಂಪಾದಕಿ ಜಾನೀನ್ ಪ್ರುಯಿಟ್ ಇದಕ್ಕೆ 'ಒಲೆ ಹೊತ್ತಿಸುವುದು' ಎನ್ನುತ್ತಾಳೆ. ಒಂದು ಪ್ರಶ್ನೆ ಎಸೆದರೆ ಸಾಕು, ಉರಿ ತಾನಾಗಿ ಹಿಡಿಯುತ್ತದೆ.

ಒಂಬತ್ತರಲ್ಲಿ ನನಗೆ ಇಷ್ಟವಾದವನು ಬಂದರು ಪೀಟ್. ಅವನನ್ನು ಕಟ್ಟಿದ್ದು ನಾನು. ಸರೋವರದ ಹಡಗುಗಳಿಂದ ನಲವತ್ತು ವರ್ಷ ಅದಿರು ಇಳಿಸಿದ ನನ್ನ ತಾತನ ಮಾತಿನ ಧಾಟಿಯನ್ನು ಅವನಿಗೆ ಕೊಟ್ಟಿದ್ದೆ. ನಿಧಾನ, ಒರಟು, ಆದರೆ ಯಾರ ಮನಸ್ಸನ್ನೂ ನೋಯಿಸದವನು. ಪೀಟನಾಗಿದ್ದಾಗ ನಾನು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೆ ಎಂದರೆ, ಕಚೇರಿಯಿಂದ ಹೊರಗೆ ಬಂದು ಮತ್ತೆ ಟೆಸ್ಸಾ ಆಗುವಾಗ ಬೇಸರವಾಗುತ್ತಿತ್ತು.

ಇಷ್ಟಾದ ಮೇಲೆ ಆರ್ವಿಲ್ ಟ್ಯಾಗರ್ಟರ ಮಾತು.

ಅವರು ಮೆಸೆಂಜರಿನ ವ್ಯಂಗ್ಯಚಿತ್ರಕಾರರು, ಮೂವತ್ತೆಂಟು ವರ್ಷದಿಂದ. ನಾನು ಚಿಕ್ಕವಳಿದ್ದಾಗ ವಾರಕ್ಕೆ ಐದು ಚಿತ್ರ ಬರೆಯುತ್ತಿದ್ದರು. ಐದು ಮೂರಾಯಿತು, ಮೂರು ಒಂದಾಯಿತು. ಕಿಟಕಿಯ ಪಕ್ಕದ ಮೇಜು ನಕಲು ತೆಗೆಯುವ ಯಂತ್ರದ ಪಕ್ಕಕ್ಕೆ ಬಂತು. ಕೈ ಈಗ ಸ್ವಲ್ಪ ನಡುಗುತ್ತದೆ. ಆ ನಡುಕವನ್ನೇ ಅವರು ಗೆರೆಗೆ ಒಗ್ಗಿಸಿಕೊಂಡಿದ್ದರು. ನಗರಸಭೆಯ ಸದಸ್ಯರ ಗಲ್ಲ ಬರೆಯಲು ನಡುಗುವ ಕೈಯೇ ಒಳ್ಳೆಯದು ಎನ್ನುತ್ತಿದ್ದರು.

ಅವರಿಗೊಂದು ಪದ್ಧತಿಯಿತ್ತು. ಪೆನ್ಸಿಲಿನಲ್ಲಿ ಚಿತ್ರ ಮುಗಿದ ಮೇಲೆ, ಶಾಯಿ ಹಾಕುವ ಮೊದಲು, ಪತ್ರಕರ್ತರಲ್ಲದ ಒಬ್ಬರ ಮುಂದೆ ಅದನ್ನು ಹಿಡಿಯುವುದು. ಮನಸ್ಸಿನಲ್ಲಿ ಐದು ಎಣಿಸಿ ಹಾಳೆ ತಿರುಗಿಸುವುದು. ಏನು ಕಾಣಿಸಿತು ಎಂದು ಕೇಳುವುದು. ನೆಲಮಾಳಿಗೆಯಲ್ಲಿ ಮುದ್ರಣಯಂತ್ರವಿದ್ದ ಕಾಲದಲ್ಲಿ ಅಲ್ಲಿನ ಕೆಲಸಗಾರರಿಗೆ ತೋರಿಸುತ್ತಿದ್ದರಂತೆ. ಯಂತ್ರ ಮಾರಿಹೋದ ಮೇಲೆ ಬಾಗಿಲು ಕಾಯುತ್ತಿದ್ದ ಲೂಥರನಿಗೆ. ಲೂಥರನನ್ನು ತೆಗೆದ ಮೇಲೆ ನನಗೆ.

"ಇಲ್ಲಿರೋ ಮಿಕ್ಕವರೆಲ್ಲ ಬುದ್ಧಿವಂತರು ಕಣಮ್ಮ," ಎಂದಿದ್ದರು ಮೊದಲ ದಿನ. "ನಾನು ಏನು ಹೇಳೋಕೆ ಹೊರಟಿದೀನೋ ಅದನ್ನ ನೋಡ್ತಾರೆ. ನೀನು ಹಾಳೆ ಮೇಲಿರೋದನ್ನ ನೋಡ್ತೀಯ."

ಆ ಮಾತನ್ನು ನಾನು ಡೈರಿಯಲ್ಲಿ ಎರಡು ಸಲ ಬರೆದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ಅವರು ಎತ್ತಿ ಹಿಡಿದ ಚಿತ್ರ ಹೀಗಿತ್ತು. ನಮ್ಮಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ಠಾಣೆಯವರು ತಮ್ಮ ದೊಡ್ಡ ಬೂಟನ್ನು ಕೈಯಲ್ಲಿ ಹಿಡಿದು ವೃತ್ತಗಳಲ್ಲಿ ನಿಲ್ಲುತ್ತಾರೆ. ಹೋಗಿಬರುವ ಕಾರುಗಳವರು ಕಾಯಿಲೆಯ ಮಕ್ಕಳ ನಿಧಿಗೆಂದು ಬೂಟಿನೊಳಗೆ ಕೈಲಾದದ್ದು ಹಾಕುತ್ತಾರೆ. ಚಿತ್ರದಲ್ಲಿ ಒಬ್ಬ ಅಗ್ನಿಶಾಮಕ ಹಾಗೆ ನಿಂತಿದ್ದಾನೆ, ಒಂದು ಕಾಲು ಬರಿದು. ಮುಂದೆ ನಿಂತ ಕಾರಿನ ಬಾಗಿಲು ತೆರೆದು ಮೇಯರ್ ಡಗ್ ಹೋಲ್ಕಂಬ್ ಕಾಲು ಹೊರಗೆ ಚಾಚಿದ್ದಾನೆ. ಅಗ್ನಿಶಾಮಕ ಚಾಚಿದ ಬೂಟನ್ನು ತೆಗೆದುಕೊಂಡು ತನ್ನ ಕಾಲಿಗೇ ಏರಿಸಿಕೊಂಡಿದ್ದಾನೆ. ಕೆಳಗೆ ಬರಹ: 'ಅಳತೆ ಸರಿಯಾಗಿದೆ. ಇನ್ನೊಂದೂ ಕೊಡಪ್ಪ.' ಸೋಮವಾರ ನಗರಸಭೆ ನಾಲ್ಕನೆಯ ಠಾಣೆಯನ್ನು ಮುಚ್ಚುವ ಬಗ್ಗೆ ಮತ ಹಾಕುವುದಿತ್ತು. ಅದಕ್ಕೇ ಅಗ್ನಿಶಾಮಕನ ಹೆಲ್ಮೆಟ್ಟಿನ ಮೇಲೆ ನಾಲ್ಕು ಎಂದು ದಪ್ಪಗೆ ಬರೆದಿದ್ದರು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಆ ನಾಲ್ಕು. ಫೆಬ್ರವರಿಯಲ್ಲಿ ಮೀನಿನ ಶೈತ್ಯಾಗಾರಕ್ಕೆ ಬೆಂಕಿ ಬಿದ್ದು ಚಾವಣಿ ಕುಸಿದಾಗ ಒಳಗೆ ಸಿಕ್ಕಿ ಸತ್ತವನು ನಾಲ್ಕನೆಯ ಠಾಣೆಯ ರೇ ಬನಾಷಾಕ್. ಅವನ ಶವಯಾತ್ರೆ ನಮ್ಮ ಕಚೇರಿಯ ಮುಂದೆಯೇ ಹಿಮದಲ್ಲಿ ಹಾದುಹೋಗಿತ್ತು. ಪೆಟ್ಟಿಗೆಯ ಮೇಲೆ ಹೆಲ್ಮೆಟ್ಟು ಇಟ್ಟಿದ್ದರು. ಅದರ ಮೇಲೂ ನಾಲ್ಕು.

ಟ್ಯಾಗರ್ಟ್ ಹಾಳೆ ತಿರುಗಿಸಿದರು. "ಏನು ಕಾಣ್ತು?"

ನಾನು ಹೇಳಬೇಕಿದ್ದದ್ದು ಮೂರು ವಾಕ್ಯ. ಸಂಖ್ಯೆಯನ್ನು ಅಳಿಸಿ, ಹಿಂದೆ ಒಂದು ಫಲಕ ಬರೆದು ಅದರ ಮೇಲೆ ಠಾಣೆಯ ಹೆಸರು ಹಾಕಿದರೆ ಮುಗಿಯಿತು. ರಬ್ಬರು ಅವರ ಅಂಗಿಯ ಜೇಬಿನಲ್ಲೇ ಇತ್ತು. ನಾನು ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅವರ ಮುಖದಲ್ಲಿ ಅಪರೂಪದ ಗೆಲುವಿತ್ತು. ಇಷ್ಟು ಒಳ್ಳೆಯ ಚಿತ್ರ ಈ ವರ್ಷ ಬಂದಿಲ್ಲ ಎಂದು ಅವರೇ ಹೇಳಿಬಿಟ್ಟರು. ಹೇಗೆ ಶುರುಮಾಡಲಿ ಎಂದು ನೋಡುವಷ್ಟರಲ್ಲಿ ನನ್ನ ಬಾಯಿಂದ ಬಂದದ್ದು ಆ ಒಂದು ಪದ. ಅವರು ನನ್ನ ಮೇಜನ್ನು ಬೆರಳಿನಿಂದ ಎರಡು ಸಲ ತಟ್ಟಿ ಶಾಯಿ ಹಾಕಲು ಹೋದರು.

ಮಧ್ಯಾಹ್ನ ಮೂರಕ್ಕೆ ಚಿತ್ರ ಜಾಲತಾಣಕ್ಕೆ ಏರಿತು. ಮೂರೂಕಾಲಿಗೆ ಜಾನೀನಳ ಅಪ್ಪಣೆ: ಟ್ಯಾಗರ್ಟನ ಚಿತ್ರ ಸತ್ತು ಬಿದ್ದಿದೆ, ಒಲೆ ಹೊತ್ತಿಸು. ನಾನು ಪೀಟನಾದೆ. ಬೆಳಿಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಪೀಟನ ಬೆರಳಿನಿಂದ ಸಲೀಸಾಗಿ ಇಳಿಯಿತು.

'ಆರ್ವಿಲ್, ಮೂವತ್ತು ವರ್ಷದಿಂದ ನಿನ್ನ ಚಿತ್ರ ನೋಡ್ತಾ ಬಂದಿದೀನಿ. ಒಂದು ಕೇಳ್ಲಾ? ಬರಿಗಾಲಲ್ಲಿ ನಿಂತಿರೋ ಆ ನಾಲ್ಕನೇ ನಂಬರಿನವನು ನಮ್ಮ ರೇ ಬನಾಷಾಕನಾ?'

ಇಷ್ಟೇ. ಇದರಲ್ಲಿ ಬೈಗುಳವಿಲ್ಲ, ಯಂತ್ರ ಹಿಡಿಯುವಂಥದ್ದೇನೂ ಇಲ್ಲ. ನಾನು ಮನೆಗೆ ಹೋದೆ. ಮನಸ್ಸು ಹಗುರಾಗಿತ್ತು, ಅದನ್ನೂ ಬರೆದಿಡಬೇಕು. ಹೇಳಬೇಕಾದದ್ದನ್ನು ಹೇಳಿದೆನಲ್ಲ ಎನಿಸಿತ್ತು.

ಶನಿವಾರ ಸಂಜೆಗೆ ಒಂಬೈನೂರು ಪ್ರತಿಕ್ರಿಯೆ. ಭಾನುವಾರ ರಾತ್ರಿಗೆ ಸಾವಿರದ ಒಂಬೈನೂರ ಹದಿನಾಲ್ಕು. ಅಷ್ಟನ್ನೂ ನಾನು ಓದಿದ್ದೇನೆ. ಊರಿನಲ್ಲಿ ಅಷ್ಟನ್ನೂ ಓದಿದವಳು ನಾನೊಬ್ಬಳೇ, ಆದ್ದರಿಂದ ಅವುಗಳ ಬಗ್ಗೆ ಮಾತಾಡುವ ಹಕ್ಕು ನನಗಿದೆ. 'ಚಿತ್ರ ನೋಡಿಲ್ಲ, ನೋಡೋದೂ ಇಲ್ಲ, ಆದ್ರೆ ಅಸಹ್ಯ' ಎಂದು ಬರೆದವನಿಗೆ ನಾನೂರು ಮಂದಿ ಮೆಚ್ಚುಗೆ ಒತ್ತಿದ್ದರು. ಸತ್ತವನ ಹೆಸರು ರಾಯ್ ಎಂದುಕೊಂಡವನೊಬ್ಬ, ರಾಯ್ ತನ್ನ ಜೀವದ ಗೆಳೆಯ, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು ಎಂದು ಎರಡು ಪುಟ ಅತ್ತಿದ್ದ. ಒಬ್ಬಾಕೆ ಟ್ಯಾಗರ್ಟರ ಹೆಂಡತಿ ಸತ್ತದ್ದು ಈ ಚಿತ್ರ ನೋಡಲಾರದೆಯೇ ಇರಬೇಕು ಎಂದಳು. ಆಕೆ ತೀರಿಕೊಂಡು ಆರು ವರ್ಷವಾಗಿದೆ. ನಡುವೆ ಸೂರಿನಂಚಿನ ಮಳೆನೀರಿನ ದೋಣಿ ಶುಚಿಮಾಡಿಕೊಡುತ್ತೇನೆಂಬ ಒಬ್ಬನ ಜಾಹೀರಾತು. ಅದರ ಕೆಳಗೆ, ಅವನು ಯಾವ ಪಕ್ಷದವನು ಎಂದು ಅರವತ್ತು ಜನರ ಜಗಳ. ಟ್ಯಾಗರ್ಟರ ಮನೆಯ ಅಂಚೆಪೆಟ್ಟಿಗೆಯ ಫೋಟೋ ಹಾಕಿದರು. ನಾನು ತೆಗೆದೆ. ಮತ್ತೆ ಹಾಕಿದರು. ಹನ್ನೊಂದು ಸಲ ತೆಗೆದೆ. ಹನ್ನೆರಡನೆಯ ಸಲ ಬಂದ ಫೋಟೋದಲ್ಲಿ ಅದು ಯಾರದೋ ಏಟಿಗೆ ನೆಗ್ಗಿ ನೆಲಕ್ಕೆ ಬಿದ್ದಿತ್ತು.

ಇವರು ದೆವ್ವಗಳಲ್ಲ. ಅದೇ ನನಗೆ ಸಿಟ್ಟು. ಹೆಸರು ಮುಚ್ಚಿಕೊಂಡಿದ್ದರೂ ಅರ್ಧ ಮಂದಿಯ ಗುರುತು ನನಗಿದೆ. ಒಬ್ಬ ನನಗೆ ಏಳನೆಯ ತರಗತಿಯಲ್ಲಿ ಗಣಿತ ಕಲಿಸಿದವನು. ಒಬ್ಬಾಕೆ ಚರ್ಚಿನ ಶುಕ್ರವಾರದ ಮೀನೂಟದಲ್ಲಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಹಾಕುವವಳು. ಎದುರಿಗೆ ಸಿಕ್ಕರೆ ಬಾಗಿಲು ಹಿಡಿದು ನಿಲ್ಲುತ್ತಾರೆ, ಹಿಮದಲ್ಲಿ ಕಾರು ಹೂತರೆ ತಳ್ಳುತ್ತಾರೆ. ಮನೆಗೆ ಹೋಗಿ ಒಬ್ಬ ಮುದುಕನಿಗೆ ಇನ್ನೂ ಯಾಕೆ ಸತ್ತಿಲ್ಲ ಎಂದು ಬರೆಯುತ್ತಾರೆ.

ಆ ಸಾವಿರದ ಒಂಬೈನೂರ ಹದಿನಾಲ್ಕರಲ್ಲಿ ಠಾಣೆ ಮುಚ್ಚುವ ವಿಷಯ ಎತ್ತಿದವರೆಷ್ಟು ಎಂದು ಎಣಿಸಿದೆ. ಹನ್ನೊಂದು.

ಪ್ರತಿಕ್ರಿಯೆಗಳನ್ನೆಲ್ಲ ಮುಚ್ಚಿಬಿಡಲೇ ಎಂದು ಭಾನುವಾರ ಜಾನೀನಳಿಗೆ ಬರೆದು ಕೇಳಿದೆ. ಬೇಡ, ಬಿಸಿಯಿರಲಿ ಎಂದು ಉತ್ತರ ಬಂತು. ಅದೇ ಸಂಜೆ ಮೇಯರ್ ಹೋಲ್ಕಂಬ್ ಹೇಳಿಕೆ ಕೊಟ್ಟ. 'ಪೀಟ್ ಎಂಬ ಹಿರಿಯ ಬಂದರು ಕಾರ್ಮಿಕ ಸರಳವಾಗಿ ಕೇಳಿದ ಪ್ರಶ್ನೆ ಇಂದು ಇಡೀ ಊರಿನ ಪ್ರಶ್ನೆಯಾಗಿದೆ. ಹುತಾತ್ಮನೊಬ್ಬನನ್ನು ಬೀದಿಯಲ್ಲಿ ಬರಿಗಾಲಲ್ಲಿ ನಿಲ್ಲಿಸಿದವರು ಉತ್ತರ ಕೊಡಬೇಕು.' ಸೋಮವಾರ ನಗರಸಭೆ ಐದಕ್ಕೆ ಎರಡು ಮತಗಳಿಂದ ನಾಲ್ಕನೆಯ ಠಾಣೆಯನ್ನು ಮುಚ್ಚಿತು. ಸಭೆಯ ಶುರುವಿನಲ್ಲಿ ರೇ ಬನಾಷಾಕನಿಗಾಗಿ ಎರಡು ನಿಮಿಷ ಎದ್ದು ನಿಂತರಂತೆ. ನಮ್ಮ ಪತ್ರಿಕೆಯಲ್ಲಿ ಅದು ಆರನೆಯ ಪುಟದ ಸುದ್ದಿ.

ಬುಧವಾರ, ಕನ್ನಡಿಯ ಮುಂದೆ ದನಿ ಪರೀಕ್ಷಿಸಿಕೊಂಡು ಹೋದ ದಿನ, ಜಾನೀನ್ ನನ್ನನ್ನು ತನ್ನ ಕೋಣೆಗೆ ಕರೆದಳು. ಆಕೆ ಕೆಟ್ಟವಳಲ್ಲ ಎಂದು ಡೈರಿಯಲ್ಲಿ ಶುರುಮಾಡಿ ಆಮೇಲೆ ಹೊಡೆದುಹಾಕಿದ್ದೇನೆ. ಗುರುವಾರ ಸಂಜೆ ಆರಕ್ಕೆ ಗ್ರಂಥಾಲಯದ ಕೆಳಗಿನ ಸಭಾಂಗಣದಲ್ಲಿ ಓದುಗರ ಸಭೆ ಎಂದಳು. ಮೇಯರ್ ಬರುತ್ತಾನೆ, ರೇಯ ಹೆಂಡತಿ ಕೋರಿನ್ ಬರುತ್ತಾಳೆ. ಟ್ಯಾಗರ್ಟ್ ಕ್ಷಮೆ ಓದಿ ಅಲ್ಲೇ ನಿವೃತ್ತಿ ಹೇಳುತ್ತಾರೆ. ಆಮೇಲೆ ಮೆಸೆಂಜರಿನಲ್ಲಿ ವ್ಯಂಗ್ಯಚಿತ್ರವೇ ಇರುವುದಿಲ್ಲ, ಆ ಜಾಗದಲ್ಲಿ ಓದುಗರ ನಾಯಿ ಬೆಕ್ಕುಗಳ ಫೋಟೋ. ಜನರ ಹತ್ತಿರ ಮೈಕು ಒಯ್ಯುವುದು ನನ್ನ ಕೆಲಸ. ನೀನು ಮಾತಾಡಬೇಕಾಗಿಲ್ಲ, ಹೆದರಬೇಡ ಎಂದಳು.

"ಮೇಯರ್ ಆಫೀಸಿನವರಿಗೆ ಪೀಟ್‌ನನ್ನ ಮುಂದಿನ ಸಾಲಲ್ಲಿ ಕೂರಿಸಬೇಕಂತೆ," ಎಂದಳು ಕೊನೆಗೆ.

ನಾನು ಅವಳ ಮುಖ ನೋಡಿದೆ. "ಪೀಟ್..." ಎಂದೆ. ಬೆಳಿಗ್ಗೆ ಹೆಸರು ಹೇಳಿಕೊಂಡದ್ದು ಬಿಟ್ಟರೆ ಐದು ದಿನದಲ್ಲಿ ನನ್ನ ಮೊದಲ ಮಾತು ಅದು.

"ಗೊತ್ತು. ನಮ್ಮ ಮನೆಯವನು." ಅವಳು ಕಂಪ್ಯೂಟರಿನ ಕಡೆ ತಿರುಗಿದಳು. "ಪೀಟ್‌ಗೆ ಅವತ್ತು ಮೈ ಹುಷಾರಿರಲ್ಲ."

"ಟ್ಯಾಗರ್ಟ್ ಅವರಿಗೆ ಗೊತ್ತಾ?"

"ಅವರಿಗ್ಯಾಕೆ? ಟೆಸ್ಸಾ, ನೋಡು. ಪೀಟ್ ಇಲ್ಲದಿದ್ರೂ ಯಾರೋ ಒಬ್ಬರು ಅದನ್ನ ಕೇಳೇ ಕೇಳ್ತಿದ್ರು."

ಇರಬಹುದು. ಆದರೆ ಕೇಳಿದ್ದು ಯಾರೋ ಅಲ್ಲ. ಇದನ್ನು ನಾನು ಅಲ್ಲಿ ಹೇಳಲಿಲ್ಲ. ತಲೆಯಾಡಿಸಿ ಬಂದೆ. ತಲೆಯಾಡಿಸುವುದರಲ್ಲಿ ನನಗೆ ಬೇಕಾದಷ್ಟು ಅಭ್ಯಾಸವಿದೆ.

ಮಧ್ಯಾಹ್ನ ಟ್ಯಾಗರ್ಟ್ ಮೇಜು ಖಾಲಿಮಾಡಲು ಬಂದರು. ಯಾರೂ ಎದ್ದು ಮಾತಾಡಿಸಲಿಲ್ಲ. ಎಲ್ಲರಿಗೂ ಅದೇ ಹೊತ್ತಿಗೆ ತುರ್ತು ಕೆಲಸ ನೆನಪಾಗಿತ್ತು. ಪೆನ್ನಿನ ಮೊನೆಗಳ ತಗಡಿನ ಡಬ್ಬಿ, ಶಾಯಿ ಮೆತ್ತಿದ ಬಟ್ಟೆ, ಒಂದು ಹಳೆಯ ರಟ್ಟಿನ ಪೆಟ್ಟಿಗೆ ತುಂಬ ಕಾಗದಗಳು. ಹಿಂದೆ ಅಂಚೆಯಲ್ಲಿ ಬಂದ ಬೈಗುಳಗಳವು, ಹೆಸರು ವಿಳಾಸ ಸಮೇತ. ಅದರಲ್ಲಿ ಒಂದು ಕಟ್ಟು ಎಲ್ಮರ್ ಕ್ವಿಗ್ಲಿ ಎಂಬ ಒಬ್ಬನೇ ಇಪ್ಪತ್ತೇಳು ವರ್ಷ ಬರೆದದ್ದು. ಆತ ಸತ್ತಾಗ ಟ್ಯಾಗರ್ಟ್ ಅವನ ಮಣ್ಣಿಗೆ ಹೋಗಿದ್ದರಂತೆ. ಅವನ ಮಗಳು ಅವರನ್ನು ಕಂಡು, ಅಪ್ಪ ನಿಮಗೆ ಬರೆಯಲೆಂದೇ ಬೆಳಿಗ್ಗೆ ಬೇಗ ಏಳುತ್ತಿದ್ದ ಎಂದಳಂತೆ.

"ಈಗ ಎರಡು ಸಾವಿರ ಜನ ಬೈತಾರೆ, ಯಾರ ಮಣ್ಣಿಗೆ ಹೋಗ್ಲಿ ಹೇಳು," ಎಂದು ನಕ್ಕರು. ಕಟ್ಟನ್ನು ಪೆಟ್ಟಿಗೆಗೆ ಹಾಕಿ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಒಂದು ಲಕೋಟೆ.

ಪೀಟನಿಗೆ ಇದನ್ನು ತಲುಪಿಸುವುದಕ್ಕಾಗುತ್ತದೆಯೇ ಎಂದು ಕೇಳಿದರು. ನಿನ್ನ ಕಂಪ್ಯೂಟರಿನಲ್ಲಿ ಅವನ ವಿಳಾಸ ಇರಬೇಕಲ್ಲ ಎಂದರು. ನಾನು ಲಕೋಟೆ ತೆಗೆದುಕೊಂಡೆ.

"ಮಿಕ್ಕವರು ಬೈದಿದ್ದು ನನಗೆ ನಾಟಿಲ್ಲ. ಬೈಯೋರು ಚಿತ್ರ ನೋಡಿಲ್ಲ. ಅವನೊಬ್ಬನೇ ನೋಡಿ ಕೇಳಿದಾನೆ," ಎಂದರು. "ನೀನು ಅವತ್ತು ಚೆನ್ನಾಗಿದೆ ಅಂದೆ, ನಿನಗೆ ಕಂಡಿರ್ಲಿಲ್ಲ. ಅದಕ್ಕೇ ನಾನು ನಿಶ್ಚಿಂತೆಯಿಂದ ಶಾಯಿ ಹಾಕಿದೆ. ಆದ್ರೆ ಅಂಥ ಮನುಷ್ಯನಿಗೆ ಕಂಡಿದೆ ಅಂದ್ಮೇಲೆ ನಾನು ಬರೆದಿದ್ದು ರೇಯನ್ನೇ. ನನಗೆ ಗೊತ್ತಿಲ್ದೇ ಬರೆದಿದೀನಿ. ಇನ್ನು ಬರೀಬಾರದು ಕಣಮ್ಮ."

ಆ ಕ್ಷಣದಲ್ಲಿ ನಾನು ಹೇಳಬಹುದಿತ್ತು. ಅವರು ನನ್ನ ಮೇಜನ್ನು ಬೆರಳಿನಿಂದ ಎರಡು ಸಲ ತಟ್ಟಿ ಹೋದರು.

ಲಕೋಟೆಯನ್ನು ಮೆಟ್ಟಿಲ ಮೇಲೆ ಕುಳಿತು ಒಡೆದೆ. ನನಗೇ ಬಂದದ್ದು ತಾನೆ. ಒಳಗೆ ನಾಲ್ಕು ಸಾಲು, ನಡುಗುವ ಕೈಯದು. 'ಪೀಟ್, ನಿನ್ನ ಪ್ರಶ್ನೆಗೆ ನನ್ನ ಉತ್ತರ, ಇರಬೇಕು ಎಂದು. ನೋಯಿಸುವ ಉದ್ದೇಶವಿರಲಿಲ್ಲ, ಆದರೆ ಗೆರೆಗೆ ಉದ್ದೇಶ ಗೊತ್ತಾಗುವುದಿಲ್ಲ. ಬೈಯದೆ ಕೇಳಿದ್ದಕ್ಕೆ ಉಪಕಾರ. ಗುರುವಾರ ಬಾ, ನಿನ್ನ ಕೈ ಕುಲುಕಬೇಕು.'

ಆವತ್ತು ರಾತ್ರಿ ನಾನು ಡೈರಿ ಬರೆಯಲಿಲ್ಲ. ಡೈರಿಯ ಮೇಲೂ ಸಿಟ್ಟು ಬಂದಿತ್ತು. ಹತ್ತು ವರ್ಷದಿಂದ ನಿಜವನ್ನೆಲ್ಲ ಅದಕ್ಕೆ ಹೇಳಿ ಹೇಳಿ, ಮನುಷ್ಯರಿಗೆ ಹೇಳಲು ನನ್ನ ಹತ್ತಿರ 'ಚೆನ್ನಾಗಿದೆ' ಒಂದೇ ಉಳಿದಿತ್ತು.

ಗುರುವಾರ ಸಭಾಂಗಣ ತುಂಬಿತ್ತು. ಗೋಡೆಯ ಪಕ್ಕದ ಮೇಜಿನ ಮೇಲೆ ದೊಡ್ಡ ಕಾಫಿ ಪಾತ್ರೆ, ಸಕ್ಕರೆ ಉದುರಿಸಿದ ಡೋನಟ್ಟುಗಳು. ಗಣಿತದ ಮೇಷ್ಟ್ರು ಇದ್ದರು, ಮೀನಿನ ತುಂಡಿನಾಕೆ ಇದ್ದಳು. ಪರಸ್ಪರ ಕಾಫಿ ಬಗ್ಗಿಸಿಕೊಡುತ್ತಿದ್ದರು. ನಾಲ್ಕನೆಯ ಠಾಣೆಯವರು ಆರು ಮಂದಿ ಸಮವಸ್ತ್ರದಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮೇಯರ್. ಅವನ ಪಕ್ಕದ ಕುರ್ಚಿ ಖಾಲಿ, ಅದರ ಮೇಲೆ ಒಂದು ಕಾಗದ: 'ಪೀಟ್‌ಗಾಗಿ'. ವೇದಿಕೆಯ ಮೇಲೆ ಜಾನೀನ್, ಟ್ಯಾಗರ್ಟ್. ಅವರು ಇಸ್ತ್ರಿಯಾದ ಕೋಟು ಹಾಕಿಕೊಂಡು ಬಂದಿದ್ದರು, ಬೆರಳಿನ ಶಾಯಿ ಮಾತ್ರ ಹೋಗಿರಲಿಲ್ಲ. ಒಳಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಒಂದು ಗಂಟೆ ನಾನು ಮೈಕು ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿದೆ. ಕೈಯೆತ್ತಿದವರ ಬಾಯ ಮುಂದೆ ಹಿಡಿದು, ಮುಗಿಯುವವರೆಗೆ ನೆಲ ನೋಡುತ್ತ ನಿಲ್ಲುವುದು. ಮುಖ ತೋರಿಸಿ ಮಾತಾಡುವಾಗ ಎಲ್ಲರೂ ಎಷ್ಟು ಸಭ್ಯರು. ನಮಗೆ ಆರ್ವಿಲ್ ಮೇಲೆ ಗೌರವವಿದೆ, ಆದರೆ ಎಂದು ಶುರುಮಾಡುತ್ತಿದ್ದರು. ಅಂಚೆಪೆಟ್ಟಿಗೆಯ ಫೋಟೋ ಹಾಕಿದವನನ್ನು ಗುರುತಿಸಿದೆ. ಅವನು ಕೂಡ ಗೌರವವಿದೆ ಎಂದ. ಮೇಯರ್ ಎದ್ದು ನಿಂತು, ಮೈಕನ್ನು ನನ್ನ ಕೈಯಿಂದಲೇ ತೆಗೆದುಕೊಂಡು, ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಮಾತಾಡಿದ. ಇಂಥ ಒಬ್ಬ ಸಾಮಾನ್ಯ ಮನುಷ್ಯ ಈ ಊರಿನ ಆತ್ಮಸಾಕ್ಷಿ ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ತಾತನ ಮಾತಿನ ಧಾಟಿಯನ್ನು ಇವನು ತನ್ನ ಕಾಲಿಗೆ ಏರಿಸಿಕೊಂಡಿದ್ದ. ಅಳತೆ ಸರಿಯಾಗಿತ್ತು.

ಟ್ಯಾಗರ್ಟ್ ಕಾಗದ ಬಿಡಿಸಿದರು. ಜಾನೀನ್ ಬರೆದುಕೊಟ್ಟದ್ದು. ಮೃತರ ನೆನಪಿಗೆ ಅಗೌರವ ಉಂಟುಮಾಡಿದ ನನ್ನ ಚಿತ್ರಕ್ಕಾಗಿ ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಕೋರಿನ್ ಬನಾಷಾಕ್ ಎದ್ದರು. ಗಟ್ಟಿಮುಟ್ಟಾದ ಹೆಂಗಸು, ಆಸ್ಪತ್ರೆಯ ಅಡುಗೆಮನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ನಾನು ಮೈಕು ಹಿಡಿದು ಓಡಿದೆ. ಅವರು ಅದನ್ನು ಕೈಯಿಂದ ಆಚೆ ಸರಿಸಿದರು.

"ನಿಲ್ಸಿ," ಎಂದರು. "ಮೊದ್ಲು ನಂದೊಂದು ಕೇಳಿ. ಶನಿವಾರ ಬೆಳಿಗ್ಗೆ ನಾನು ಈ ಚಿತ್ರನ ಪೇಪರಿಂದ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ನಗು ಬಂತು ನನಗೆ. ಫೆಬ್ರವರಿಯಿಂದ ಮೊದಲನೇ ಸಲ. ರೇ ದಿನಾ ಬೈತಿದ್ದಿದ್ದು ಇದನ್ನೇ, ನಮ್ಮ ಕಾಲಿನ ಬೂಟು ಕಿತ್ಕೋತಾರೆ ಇವರು ಅಂತ."

ಮೇಯರ್ ಖಾಲಿ ಕುರ್ಚಿಯ ಮೇಲಿಂದ ಕೈ ತೆಗೆದ.

ಕೋರಿನ್ ಹೇಳುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಫೋನುಗಳು ಶುರುವಾದವಂತೆ. ಅಯ್ಯೋ ಪಾಪ, ನಿನ್ನ ಗಂಡನಿಗೆ ಹೀಗೆ ಮಾಡಿದರಲ್ಲ ಎಂದು. ಒಬ್ಬರಾದ ಮೇಲೆ ಒಬ್ಬರು. ಕೊನೆಗೆ ಆ ಚಿತ್ರ ನೋಡಿದರೆ ಅವರಿಗೂ ಬೇರೇನೂ ಕಾಣದ ಹಾಗಾಯಿತಂತೆ. ಕಿತ್ತು ಕಸಕ್ಕೆ ಹಾಕಿದರಂತೆ. ಸೋಮವಾರ ಠಾಣೆ ಮುಚ್ಚಿದರು, ಆ ಹೊತ್ತಿಗೆ ಊರೆಲ್ಲ ತನಗೆ ಸಮಾಧಾನ ಹೇಳುತ್ತ ಕೂತಿತ್ತು.

"ನನ್ನ ಗಂಡನ ಹೆಸರು ಮೊದಲು ತೆಗೆದೋನು ಆ ಪೀಟ್," ಎಂದರು. "ಅವನಿಗೆ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ? ಒಂದು ಫೋನು? ನಲವತ್ತು ವರ್ಷ ಬಂದರಲ್ಲಿದ್ದೋನು ಅಂತೀರಿ. ನಮ್ಮಪ್ಪನೂ ಅಲ್ಲೇ ಇದ್ದಿದ್ದು. ಅವರ ಜೊತೆ ಕೆಲಸ ಮಾಡಿದೋರನ್ನೆಲ್ಲ ಕೇಳಿದೆ, ಯಾರಿಗೂ ಅವನು ಗೊತ್ತಿಲ್ಲ. ಎಲ್ಲಿದಾನೆ ಅವನು?"

ಜಾನೀನ್ ವೇದಿಕೆಯ ಮೇಲಿಂದ ಮುಂದಕ್ಕೆ ಬಾಗಿದಳು. ಪೀಟ್ ಬರಬೇಕೆಂದೇ ಇದ್ದರು, ದುರದೃಷ್ಟಕ್ಕೆ ಈವತ್ತು ಅವರಿಗೆ ಮೈ ಹುಷಾರಿಲ್ಲ ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ಒಂದು ಕ್ಷಣ ನನಗೂ ಅವನ ಬಗ್ಗೆ ಕಳವಳವಾಯಿತು.

"ಪಾಪ," ಎಂದರು ಟ್ಯಾಗರ್ಟ್. ನಿಜವಾಗಿಯೂ ಹಾಗೆಂದರು. "ಅವನ ಮೇಲೆ ಸಿಟ್ಟಾಗ್ಬೇಡಿ, ಕೋರಿನ್. ಒಳ್ಳೆ ಮನುಷ್ಯ. ಕಂಡಿದ್ದನ್ನ ಕೇಳಿದಾನೆ, ಅಷ್ಟೇ. ತಪ್ಪು ನಂದು." ಅವರು ಮತ್ತೆ ಕಾಗದಕ್ಕೆ ಕಣ್ಣಿಳಿಸಿ, ಬಿಟ್ಟ ಸಾಲನ್ನು ಬೆರಳಿನಲ್ಲಿ ಹುಡುಕಿದರು.

ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಮೇಯರನ ಮೇಲೆ, ಜಾನೀನಳ ಮೇಲೆ, ಮುಖ ಕಂಡ ಕೂಡಲೇ ಗೌರವ ಹುಟ್ಟುವ ಆ ಇನ್ನೂರು ಮಂದಿಯ ಮೇಲೆ. ಆ ಸಿಟ್ಟನ್ನೆಲ್ಲ ಹಿಡಿದುಕೊಂಡು ಮನೆಗೆ ಹೋಗಿ ಡೈರಿಯಲ್ಲಿ ಸೊಗಸಾಗಿ ಬರೆಯಬಹುದಿತ್ತು. ಆದರೆ ಟ್ಯಾಗರ್ಟರ ಬೆರಳು ಆ ಸಾಲನ್ನು ಹುಡುಕುತ್ತಿತ್ತು, ಸಿಕ್ಕರೆ ಓದಿಬಿಡುತ್ತಿದ್ದರು, ಮೂವತ್ತೆಂಟು ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ನಾನು ಐದು ಎಣಿಸಿದೆ.

ಮೈಕು ಇನ್ನೂ ಕೋರಿನ್ ಮುಂದೆ ಚಾಚಿದಂತೆಯೇ ಇತ್ತು. ಅದನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅದು ಕಿರ್ ಎಂದಿತು, ಎಲ್ಲರೂ ತಿರುಗಿದರು, ಟ್ಯಾಗರ್ಟರೂ. ಮೊದಲು ಗೊರಗೊರ ಬಂತು. ಆಮೇಲೆ ದನಿ.

"ಬಂದರು ಪೀಟ್ ನಾನು," ಎಂದೆ.